ಕಾಲುಗಳು ಸಾವಿರ ದಾಟಿದರೂ ಬಳಗ ತಿಳಿಯದು: ನೆಲದಾಳದ ಒಂದು ಸಹಸ್ರಪದಿಯ ವರ್ಗೀಕರಣ

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗೋಲ್ಡ್‌ಫೀಲ್ಡ್ಸ್ ಅನ್ನುವ ಸೀಮೆ ಇದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಕೆಂಪು ಮಣ್ಣು, ಕುರುಚಲು ಗಿಡ, ಒಣಗಿ ಉಪ್ಪು ಕಟ್ಟಿಕೊಂಡ ಕೆರೆಗಳು. ಸಹಸ್ರಪದಿಗೆ ತೇವ ಬೇಕು. ಅದನ್ನು ಹುಡುಕಲು ಇಂಥ ಜಾಗಕ್ಕೆ ಯಾರೂ ಹೋಗುವುದಿಲ್ಲ. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಲಿರುವ ಪ್ರಾಣಿ ಸಿಕ್ಕಿದ್ದು ಅಲ್ಲೇ. ಅದೂ ನೆಲದ ಮೇಲಲ್ಲ, 60 ಮೀಟರ್ ಆಳದಲ್ಲಿ.

ಅದರ ಹೆಸರು ಯೂಮಿಲ್ಲಿಪೀಸ್ ಪರ್ಸೆಫನಿ. ಅಮೆರಿಕದ ವರ್ಜೀನಿಯಾ ಟೆಕ್‌ನ ಪಾಲ್ ಮಾರೆಕ್ ಮತ್ತು ಸಂಗಡಿಗರು 2021ರ ಡಿಸೆಂಬರ್‌ನಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಆಗ ಬಂದ ಸುದ್ದಿಯಲ್ಲಿ ಎದ್ದು ಕಂಡಿದ್ದು ಒಂದೇ ಅಂಕಿ: 1306 ಕಾಲು. ಅಲ್ಲಿಯವರೆಗೆ ಸಾವಿರ ಕಾಲು ನಿಜವಾಗಿ ಇರುವ ಸಹಸ್ರಪದಿ ಎಲ್ಲೂ ಸಿಕ್ಕಿರಲಿಲ್ಲ. ಹಾಗಾಗಿ ಸುದ್ದಿಯಾಗಿದ್ದು ಸಹಜ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅಂಕಿಯಲ್ಲ. ಇಷ್ಟೊಂದು ಕಾಲಿದ್ದರೂ ಇದು ಯಾರ ಬಳಗ ಅಂತ ಹೇಳಲು ಕಾಲಿನ ಲೆಕ್ಕ ಕೆಲಸಕ್ಕೇ ಬರಲಿಲ್ಲ. ಇದಕ್ಕೂ ಮೊದಲಿನ ದಾಖಲೆಯ ಸಹಸ್ರಪದಿ ನೋಡಲು ಹೆಚ್ಚುಕಮ್ಮಿ ಹೀಗೇ ಇದೆ. ಆದರೂ ಅವೆರಡೂ ಬೇರೆ ಬೇರೆ ಗಣಕ್ಕೆ, ಅಂದರೆ ಕುಟುಂಬಕ್ಕಿಂತ ಮೇಲಿನ ದೊಡ್ಡ ಗುಂಪಿಗೆ, ಸೇರಿವೆ. ಅದು ಹೇಗೆ ಗೊತ್ತಾಯಿತು ಅನ್ನುವುದೇ ಈ ಲೇಖನದ ವಿಷಯ.

ಮೊದಲು, ಅಷ್ಟು ಆಳದಲ್ಲಿ ಅದು ಸಿಕ್ಕಿದ್ದು ಹೇಗೆ? ಆ ಸೀಮೆಯಲ್ಲಿ ಖನಿಜ ಹುಡುಕಲು ನೆಲಕ್ಕೆ ಸಣ್ಣ ತೂತು ಕೊರೆಯುತ್ತಾರೆ. ಬಂಡೆಯ ಮಾದರಿ ತೆಗೆದುಕೊಂಡ ಮೇಲೆ ಆ ತೂತು ಹಾಗೇ ಉಳಿಯುತ್ತದೆ. ಗಣಿ ಶುರು ಮಾಡುವ ಮೊದಲು ನೆಲದಡಿಯ ಜೀವಿಗಳ ಸಮೀಕ್ಷೆ ಆಗಬೇಕು ಅನ್ನುವುದು ಪಶ್ಚಿಮ ಆಸ್ಟ್ರೇಲಿಯಾದ ಪರಿಸರ ಅನುಮತಿಯ ಭಾಗ. ಅದಕ್ಕೆ ಜೀವಶಾಸ್ತ್ರಜ್ಞರು ಒಂದು ಸರಳ ಉಪಾಯ ಮಾಡುತ್ತಾರೆ. ಪಿವಿಸಿ ಪೈಪಿನ ತುಂಡಿನೊಳಗೆ ಒದ್ದೆ ತರಗೆಲೆ ತುಂಬಿ, ಹಗ್ಗ ಕಟ್ಟಿ ಆ ತೂತಿಗೆ ಇಳಿಬಿಡುತ್ತಾರೆ. ವಾರಗಟ್ಟಲೆ ಅದು ಅಲ್ಲೇ ಇರುತ್ತದೆ. ಬಂಡೆಯ ಬಿರುಕಿನಲ್ಲಿ ಓಡಾಡುವ ಜೀವಿಗಳು ತೇವ, ಆಹಾರ ಹುಡುಕಿಕೊಂಡು ಆ ಎಲೆಯೊಳಗೆ ಸೇರಿಕೊಳ್ಳುತ್ತವೆ. ಮೇಲೆತ್ತಿ, ಎಲೆಯನ್ನು ಆಲಿಕೆಗೆ ಹಾಕಿ, ಮೇಲಿನಿಂದ ದೀಪದ ಶಾಖ ಕೊಟ್ಟರೆ ಜೀವಿಗಳು ಬಿಸಿಯಿಂದ ತಪ್ಪಿಸಿಕೊಳ್ಳಲು ಕೆಳಗಿಳಿದು ಸೀಸೆಗೆ ಬೀಳುತ್ತವೆ. ಹಾಗೆ ಬಿದ್ದವುಗಳಲ್ಲಿ ಇದೂ ಒಂದು. ಗಮನಿಸಿ ಗುರುತಿಸಿದವರು ಬ್ರೂನೋ ಬುಝಾಟೊ ಅನ್ನುವ ಜೀವಶಾಸ್ತ್ರಜ್ಞ. ಮಾರೆಕ್ ಜೊತೆಗಿನ ಲೇಖಕರಲ್ಲಿ ಅವರೂ ಒಬ್ಬರು.

ಹತ್ತಿರದಿಂದ ನೋಡಿದರೆ

ಬಿಳಿ ಹೊಲಿಗೆ ದಾರದ ತುಂಡೊಂದು ಮೇಜಿನ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿದೆ ಅಂದುಕೊಳ್ಳಿ. ಮೊದಲ ನೋಟಕ್ಕೆ ಕಾಣುವುದು ಅಷ್ಟೇ. ಅಗಲ 0.95 ಮಿಲಿಮೀಟರ್, ಉದ್ದ 95.7 ಮಿಲಿಮೀಟರ್. ಅಂದರೆ ಅಗಲಕ್ಕಿಂತ ನೂರು ಪಟ್ಟು ಉದ್ದ. ಬಣ್ಣವಿಲ್ಲ, ಕಣ್ಣಿಲ್ಲ. ಮುಂದಕ್ಕೆ ಚೂಪಾಗುವ ಪುಟ್ಟ ತಲೆ. ತಲೆಗೆ ಹೋಲಿಸಿದರೆ ಮೀಸೆಗಳು ದೊಡ್ಡವು, ದಪ್ಪ. ಕತ್ತಲಲ್ಲಿ ದಾರಿ, ವಾಸನೆ, ತೇವ ಎಲ್ಲವನ್ನೂ ಅವೇ ಹುಡುಕಬೇಕು. ಬದಿಗೆ ತಿರುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಂಗುರದ ಪಕ್ಕ ಉಂಗುರ, 330 ಉಂಗುರ. ಕೆಳಗೆ ಕೂದಲಿನಷ್ಟು ತೆಳುವಾದ ಕಾಲುಗಳ ಸಾಲು.

ಇಲ್ಲಿ ಒಂದು ಲೆಕ್ಕ ಮಾಡೋಣ. ಸಹಸ್ರಪದಿಗೆ ಒಂದು ಉಂಗುರಕ್ಕೆ ಎರಡು ಜೋಡಿ ಕಾಲು, ಅಂದರೆ ನಾಲ್ಕು. 330ನ್ನು 4ರಿಂದ ಗುಣಿಸಿದರೆ 1320 ಬರುತ್ತದೆ. ಆದರೆ ಇರುವುದು 1306. ಉಳಿದ 14 ಎಲ್ಲಿ ಹೋದವು? ತಲೆಯ ಹಿಂದಿನ ಮೊದಲ ಉಂಗುರಕ್ಕೆ ಕಾಲೇ ಇರುವುದಿಲ್ಲ. ಅಲ್ಲಿಗೆ 4 ಕಡಿಮೆ. ನಂತರದ ಮೂರು ಉಂಗುರಗಳಿಗೆ ಒಂದೊಂದೇ ಜೋಡಿ. ಅಲ್ಲಿಗೆ 6 ಕಡಿಮೆ. ಬಾಲದ ತುದಿಯ ತುಂಡಿಗೂ ಕಾಲಿಲ್ಲ. ಅಲ್ಲಿ ಇನ್ನು 4. ಒಟ್ಟು 14. ಸಿಕ್ಕ ಇನ್ನೊಂದು ಹೆಣ್ಣಿಗೆ 253 ಉಂಗುರ, 998 ಕಾಲು. ಗಂಡುಗಳಲ್ಲಿ ಒಂದಕ್ಕೆ 208 ಉಂಗುರ, 818 ಕಾಲು. ಇನ್ನೊಂದಕ್ಕೆ 198 ಉಂಗುರ, 778 ಕಾಲು. ಇವಕ್ಕೂ ಅದೇ ಲೆಕ್ಕ ಹಾಕಿ ನೋಡಿ, ಸರಿಯಾಗಿ ಕೂರುತ್ತದೆ. ನಾಲ್ಕಕ್ಕೆ ಗುಣಿಸಿ 14 ಕಳೆದರೆ ಸಾಕು.

ಒಂದು ಉಂಗುರಕ್ಕೆ ಎರಡು ಜೋಡಿ ಯಾಕೆ? ಏಕೆಂದರೆ ಹೊರಗೆ ಒಂದಾಗಿ ಕಾಣುವ ಆ ಉಂಗುರ ಒಳಗೆ ಎರಡು. ಭ್ರೂಣ ಬೆಳೆಯುವಾಗ ಅಕ್ಕಪಕ್ಕದ ಎರಡು ಖಂಡಗಳು ಬೆಸೆದು ಒಂದು ಉಂಗುರ ಆಗುತ್ತವೆ. ಉಸಿರಾಟದ ರಂಧ್ರಗಳೂ ಅಲ್ಲಿ ಎರಡು ಜೋಡಿ ಇರುತ್ತವೆ. ಇದೇ ಸಹಸ್ರಪದಿಗಳ ಗುರುತು. ಡಿಪ್ಲೊಪೋಡಾ ಅನ್ನುವ ವರ್ಗದ ಹೆಸರು ಬಂದಿದ್ದೂ ಇದರಿಂದಲೇ. ಜರಿಗೆ, ಅಂದರೆ ಶತಪದಿಗೆ, ಖಂಡಕ್ಕೆ ಒಂದೇ ಜೋಡಿ ಕಾಲು, ಮುಂದೆ ವಿಷದ ಕೊಂಡಿ, ಬೇಟೆಯಾಡುವ ಬದುಕು. ಎರಡನ್ನೂ ಒಂದೇ ಅಂದುಕೊಂಡು ಹೆದರುವವರು ತುಂಬಾ ಜನ. ಸಹಸ್ರಪದಿ ಕಚ್ಚುವುದಿಲ್ಲ. ಕೊಳೆತ ಎಲೆ, ಮರ, ಶಿಲೀಂಧ್ರ ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ.

ಕಾಲಿನ ಲೆಕ್ಕ ಯಾಕೆ ಗುರುತಾಗುವುದಿಲ್ಲ

ಮೇಲಿನ ನಾಲ್ಕು ಪ್ರಾಣಿಗಳೂ ಒಂದೇ ಪ್ರಭೇದ. ಆದರೆ ಒಂದಕ್ಕೆ 778 ಕಾಲು, ಇನ್ನೊಂದಕ್ಕೆ 1306. ಇದು ಗೊಂದಲ ಅನಿಸಬಹುದು. ಬೆಳೆಯುವ ಬಗೆ ಗೊತ್ತಾದರೆ ಗೊಂದಲ ಇರುವುದಿಲ್ಲ. ಸಹಸ್ರಪದಿಯ ಮರಿ ಮೊಟ್ಟೆಯಿಂದ ಬರುವಾಗ ಸಾಮಾನ್ಯವಾಗಿ ಅದಕ್ಕೆ ಮೂರೇ ಜೋಡಿ ಕಾಲು. ಆಮೇಲೆ ಪ್ರತಿ ಸಲ ಪೊರೆ ಕಳಚಿದಾಗ ಬಾಲದ ತುದಿಯ ಹತ್ತಿರ ಹೊಸ ಉಂಗುರಗಳು ಸೇರುತ್ತವೆ. ಮೊದಲು ಕಾಲಿಲ್ಲದ ಉಂಗುರ, ಮುಂದಿನ ಪೊರೆಗೆ ಅದಕ್ಕೆ ಕಾಲು.

ಇದು ಎಲ್ಲಿಗೆ ನಿಲ್ಲುತ್ತದೆ ಅನ್ನುವುದು ಗಣದಿಂದ ಗಣಕ್ಕೆ ಬೇರೆ. ಚಪ್ಪಟೆ ಬೆನ್ನಿನ ಪಾಲಿಡೆಸ್ಮಿಡಾ ಗಣದವು ಸಾಮಾನ್ಯವಾಗಿ 20 ಉಂಗುರಕ್ಕೆ ನಿಂತುಬಿಡುತ್ತವೆ. ಹೆಣ್ಣಿಗೆ 62 ಕಾಲು. ಗಂಡಿನಲ್ಲಿ ಒಂದು ಜೋಡಿ ಬೇರೆ ಕೆಲಸಕ್ಕೆ ಹೋಗುವುದರಿಂದ 60. ಅಲ್ಲಿ ಲೆಕ್ಕ ಗುರುತಾಗಬಲ್ಲದು. ಆದರೆ ಯೂಮಿಲ್ಲಿಪೀಸ್ ಸೇರುವ ಗುಂಪಿನಲ್ಲಿ ಬೆಳವಣಿಗೆ ನಿಲ್ಲುವುದೇ ಇಲ್ಲ. ಪ್ರಾಯಕ್ಕೆ ಬಂದ ಮೇಲೂ ಪೊರೆ ಕಳಚುತ್ತಾ, ಉಂಗುರ ಸೇರಿಸಿಕೊಳ್ಳುತ್ತಾ ಹೋಗುತ್ತವೆ. ಹಾಗಾಗಿ 1306 ಅನ್ನುವುದು ಆ ಪ್ರಭೇದದ ಅಂಕಿಯಲ್ಲ, ಸಿಕ್ಕ ಆ ಒಂದು ಹೆಣ್ಣಿನ ಅಂಕಿ. ಅದಕ್ಕಿಂತ ವಯಸ್ಸಾದದ್ದು ಯಾವುದಾದರೂ ಸಿಕ್ಕರೆ ಕಾಲು ಇನ್ನೂ ಜಾಸ್ತಿ ಇರಬಹುದು.

ಈಗ ಹಳೆಯ ದಾಖಲೆಗೆ ಬರೋಣ. ಕ್ಯಾಲಿಫೋರ್ನಿಯಾದ ಸ್ಯಾನ್ ಬೆನಿಟೊ ಕೌಂಟಿಯಲ್ಲಿ ಸಿಕ್ಕ ಒಂದು ಸಹಸ್ರಪದಿಯನ್ನು ಓರೇಟರ್ ಕುಕ್ ಮತ್ತು ಹೆರಾಲ್ಡ್ ಲೂಮಿಸ್ 1928ರಲ್ಲಿ ವಿವರಿಸಿದರು. ಇಲ್ಲಾಕ್ಮಿ ಪ್ಲೆನಿಪೀಸ್ ಅಂತ ಹೆಸರಿಟ್ಟರು. 750 ಕಾಲು. ಆಮೇಲೆ ಅದು ಕಣ್ಮರೆಯಾಯಿತು. ಸುಮಾರು ಎಂಬತ್ತು ವರ್ಷ ಯಾರಿಗೂ ಸಿಗಲಿಲ್ಲ. 2005ರಲ್ಲಿ ಅದನ್ನು ಮತ್ತೆ ಪತ್ತೆ ಮಾಡಿದ್ದು ಆಗಿನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಇದೇ ಪಾಲ್ ಮಾರೆಕ್. ಮರಳುಗಲ್ಲಿನ ದೊಡ್ಡ ಬಂಡೆಗಳ ಅಡಿಯಲ್ಲಿ, ಒದ್ದೆ ಮಣ್ಣಿನಲ್ಲಿ ಅವು ಇದ್ದವು. ಎಲ್ಲ ಸಿಕ್ಕಿದ್ದು ಕೆಲವೇ ಕಿಲೋಮೀಟರ್ ಅಗಲದ ಜಾಗದೊಳಗೆ. ಹದಿನಾರು ವರ್ಷದ ಮೇಲೆ, ಅವರೇ ಮತ್ತೆ ಹುಡುಕಿದ ಆ ಪ್ರಾಣಿಯ ದಾಖಲೆಯನ್ನು ಮುರಿಯುವ ಇನ್ನೊಂದನ್ನೂ ಅವರೇ ವಿವರಿಸಿದರು.

ಇಲ್ಲಾಕ್ಮಿ ಕೂಡ ದಾರದಷ್ಟು ತೆಳು. ಬಣ್ಣವಿಲ್ಲ, ಕಣ್ಣಿಲ್ಲ. ಚೂಪು ತಲೆ, ದಪ್ಪ ಮೀಸೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾರಾದರೂ ಅಣ್ಣತಮ್ಮ ಅಂದಾರು. ಒಂದು ಅಮೆರಿಕದಲ್ಲಿ, ಒಂದು ಆಸ್ಟ್ರೇಲಿಯಾದಲ್ಲಿ. ಹಿಂದೆ ಭೂಖಂಡಗಳು ಒಂದಾಗಿದ್ದಾಗ ಒಟ್ಟಿಗೆ ಇದ್ದವು, ಆಮೇಲೆ ಬೇರೆಯಾದವು ಅಂತ ಕಥೆ ಕಟ್ಟುವುದೂ ಸುಲಭ. ಆದರೆ ಆ ಕಥೆ ತಪ್ಪು.

ಬಳಗ ಹುಡುಕುವ ಕೆಲಸ

ಸಹಸ್ರಪದಿಗಳಲ್ಲಿ ಇಲ್ಲಿಯವರೆಗೆ ಹೆಸರಿಟ್ಟ ಪ್ರಭೇದಗಳು ಸುಮಾರು 12 ಸಾವಿರ. ಇವತ್ತು ಬದುಕಿರುವ ಗಣಗಳು 16. ಎಲ್ಲವನ್ನೂ ಇಲ್ಲಿ ಹೇಳುವುದು ಬೇಡ. ದೊಡ್ಡ ಕವಲುಗಳನ್ನಷ್ಟೇ ನೋಡೋಣ.

ಮೊದಲ ಕವಲಿನವು ಮೈತುಂಬ ರೋಮದ ಕುಚ್ಚು ಇರುವ, ಮೆತ್ತನೆ ಮೈಯ, ಕೆಲವೇ ಮಿಲಿಮೀಟರ್ ಉದ್ದದ ಪುಟಾಣಿಗಳು. ಉಳಿದೆಲ್ಲಕ್ಕೂ ಗಟ್ಟಿ ಕವಚ. ಆ ಗಟ್ಟಿ ಕವಚದವುಗಳಲ್ಲಿ ಒಂದು ಗುಂಪು ಮುಟ್ಟಿದರೆ ಗುಂಡಾಗಿ ಸುತ್ತಿಕೊಳ್ಳುವಂಥವು. ಇನ್ನೊಂದು ಗುಂಪು ಉದ್ದ ಮೈಯವು. ಉದ್ದ ಮೈಯವುಗಳಲ್ಲಿ ಮತ್ತೆ ಎರಡು. ಎಲೆ ಅಗಿದು ತಿನ್ನುವ ಬಲವಾದ ದವಡೆ ಇರುವವು ಒಂದು ಕಡೆ. ನಾವು ಮಳೆಗಾಲದಲ್ಲಿ ದಿನಾ ನೋಡುವ ಚೋರಟೆಗಳು ಇವೇ. ದವಡೆ ಸಣ್ಣದಾಗಿ, ತಲೆ ಚೂಪಾಗಿ, ಹೀರುವ ಬಾಯಾಗಿ ಬದಲಾದವು ಇನ್ನೊಂದು ಕಡೆ. ಈ ಎರಡನೆಯ ಕವಲಿನ ಹೆಸರು ಕೋಲೊಬೊಗ್ನಾಥಾ. ಯೂಮಿಲ್ಲಿಪೀಸ್ ಮತ್ತು ಇಲ್ಲಾಕ್ಮಿ ಎರಡೂ ಇದರೊಳಗೇ ಬರುತ್ತವೆ.

ಕೋಲೊಬೊಗ್ನಾಥಾ ನನಗೆ ತುಂಬಾ ಇಷ್ಟದ ಕವಲು. ಇವುಗಳ ಬಗ್ಗೆ ಗೊತ್ತಿರುವುದು ಕಡಿಮೆ, ಗೊತ್ತಿರುವಷ್ಟೂ ವಿಚಿತ್ರ. ಇವುಗಳಲ್ಲಿ ಬ್ರಾಕಿಸೈಬಿ ಅನ್ನುವ ಕುಲದ ಸಹಸ್ರಪದಿಗಳಲ್ಲಿ ಮೊಟ್ಟೆ ಕಾಯುವುದು ಅಪ್ಪ. ಮೊಟ್ಟೆಗಳ ಸುತ್ತ ಮೈ ಸುತ್ತಿಕೊಂಡು, ಮರಿ ಬರುವವರೆಗೆ ಕೂತಿರುತ್ತದೆ. ಕೊಳೆತ ಮರದ ಶಿಲೀಂಧ್ರದ ಮೇಲೆ ಗುಂಪು ಸೇರಿ, ತಲೆಗಳನ್ನೆಲ್ಲ ಮಧ್ಯಕ್ಕೆ ಇಟ್ಟು ಮೇಯುತ್ತವೆ.

ಸರಿ, ಈ ಕವಲು ಅಂತ ಹೇಳುವುದು ಹೇಗೆ? ಇಲ್ಲಿ ಗಂಡಿನ ಕಾಲು ಬೇಕು. ಎಷ್ಟು ಕಾಲು ಅಂತ ಅಲ್ಲ, ಯಾವ ಕಾಲು ಅಂತ. ಸಹಸ್ರಪದಿಯ ಗಂಡಿನಲ್ಲಿ ವೀರ್ಯ ಹೊರಬರುವ ದ್ವಾರ ಎರಡನೇ ಜೋಡಿ ಕಾಲಿನ ಹತ್ತಿರ ಇರುತ್ತದೆ. ಆದರೆ ಅದನ್ನು ಹೆಣ್ಣಿಗೆ ದಾಟಿಸುವ ಕೆಲಸ ಇನ್ನೂ ಹಿಂದಿರುವ ಬೇರೆ ಕಾಲಿನದ್ದು. ನಡೆಯುವುದನ್ನು ಬಿಟ್ಟು ಈ ಕೆಲಸಕ್ಕಾಗಿಯೇ ಬದಲಾದ ಕಾಲುಗಳಿಗೆ ಗೋನೊಪಾಡ್ ಅನ್ನುತ್ತಾರೆ. ದವಡೆಯ ಕವಲಿನಲ್ಲಿ ಇವು ಏಳನೇ ಉಂಗುರದಲ್ಲಿ ಇರುತ್ತವೆ. ಅಂದರೆ ಎಂಟನೇ ಜೋಡಿ, ಒಂಬತ್ತನೇ ಜೋಡಿ, ಅಥವಾ ಎರಡೂ. ಅವು ಕಾಲು ಅಂತ ಗುರುತೇ ಸಿಗದಷ್ಟು ಬದಲಾಗಿರುತ್ತವೆ. ಕೊಕ್ಕೆ, ಮುಳ್ಳು, ಚಮಚದಂಥ ತುದಿ, ಒಂದೊಂದು ಪ್ರಭೇದಕ್ಕೆ ಒಂದೊಂದು ರೂಪ. ಕೋಲೊಬೊಗ್ನಾಥಾದಲ್ಲಿ ಒಂಬತ್ತನೇ ಮತ್ತು ಹತ್ತನೇ ಜೋಡಿ. ಏಳನೇ ಉಂಗುರದ ಹಿಂದಿನ ಜೋಡಿ, ಎಂಟನೇ ಉಂಗುರದ ಮುಂದಿನ ಜೋಡಿ. ಜೊತೆಗೆ ಅವು ಇನ್ನೂ ಕಾಲಿನ ಹಾಗೇ ಕಾಣುತ್ತವೆ, ಗೆಣ್ಣುಗಳನ್ನು ಎಣಿಸಬಹುದು.

ಒಂದು ಜೋಡಿ ಹಿಂದೆಮುಂದೆ ಆಗಿದ್ದಕ್ಕೆ ಇಷ್ಟು ಮಹತ್ವವೇ ಅಂತ ಕೇಳಬಹುದು. ಮಹತ್ವ ಇದೆ. ಮೈ ಉದ್ದ ಆಗುವುದು, ಕಣ್ಣು ಹೋಗುವುದು, ಬಣ್ಣ ಹೋಗುವುದು ಇವೆಲ್ಲ ಇರುವ ಜಾಗಕ್ಕೆ ತಕ್ಕಂತೆ ಬದಲಾಗುವ ಗುಣಗಳು. ಗುಹೆಯಲ್ಲಿ, ಬಿರುಕಿನಲ್ಲಿ ಇರುವ ಯಾವ ಪ್ರಾಣಿಗೂ ಇವು ಬರಬಹುದು. ಆದರೆ ಯಾವ ಜೋಡಿ ಕಾಲು ಗೋನೊಪಾಡ್ ಆಗಬೇಕು ಅನ್ನುವುದು ಜಾಗಕ್ಕೆ ಸಂಬಂಧಪಟ್ಟದ್ದಲ್ಲ. ಅದು ಪೂರ್ವಜರಿಂದ ಹಾಗೇ ಬಂದದ್ದು. ಬಳಗ ಹುಡುಕುವವರು ನೆಚ್ಚಿಕೊಳ್ಳುವುದು ಇಂಥ ಗುಣಗಳನ್ನೇ. ಹೆಣ್ಣು ಮಾತ್ರ ಸಿಕ್ಕಾಗ ತಜ್ಞರು ಹೆಸರಿಡಲು ಹಿಂಜರಿಯುವುದೂ ಇದಕ್ಕೇ. ಯೂಮಿಲ್ಲಿಪೀಸ್‌ನಲ್ಲಿ ಗಂಡೂ ಸಿಕ್ಕಿದ್ದು ಅದೃಷ್ಟ.

ಈಗ ಕೋಲೊಬೊಗ್ನಾಥಾದೊಳಗೆ. ಇಲ್ಲಾಕ್ಮಿ ಸೇರುವುದು ಸೈಫನೋಫೋರಿಡಾ ಗಣಕ್ಕೆ, ಅದರಲ್ಲಿ ಸೈಫನೋರೈನಿಡೇ ಕುಟುಂಬಕ್ಕೆ. ಈ ಗಣದಲ್ಲಿ ಯಾವುದಕ್ಕೂ ಕಣ್ಣಿಲ್ಲ. ಮೈಮೇಲೆ ಸಣ್ಣ ರೋಮ ಇರುತ್ತದೆ. ಇಲ್ಲಾಕ್ಮಿಯ ರೋಮಗಳು ರೇಷ್ಮೆಯಂಥ ಎಳೆ ಸ್ರವಿಸುತ್ತವೆ. ಯೂಮಿಲ್ಲಿಪೀಸ್ ಸೇರುವುದು ಪಾಲಿಜೋನಿಯಿಡಾ ಗಣಕ್ಕೆ, ಅದರಲ್ಲಿ ಸೈಫನೋಟಿಡೇ ಕುಟುಂಬಕ್ಕೆ. ಈ ಗಣದವು ಸಾಮಾನ್ಯವಾಗಿ ನುಣುಪು ಬೆನ್ನಿನ, ಗಿಡ್ಡ ಮೈಯ ಪ್ರಾಣಿಗಳು. ಬಹುತೇಕಕ್ಕೆ ತಲೆಯ ಮೇಲೆ ಒಂದೆರಡಾದರೂ ಸರಳ ಕಣ್ಣುಗಳಿರುತ್ತವೆ. ದಾರದಷ್ಟು ಉದ್ದವಾಗಿ, ಕಣ್ಣೂ ಕಳೆದುಕೊಂಡ ಯೂಮಿಲ್ಲಿಪೀಸ್ ತನ್ನ ಸ್ವಂತ ಬಳಗದಲ್ಲೇ ಅಪರೂಪದ್ದು. ಹೊರನೋಟ ನಂಬಿದ್ದರೆ ಅದನ್ನು ಸೈಫನೋಫೋರಿಡಾಕ್ಕೆ ಸೇರಿಸಿ ಮುಗಿಸುತ್ತಿದ್ದರು.

ಎರಡು ಬೇರೆ ಗಣ ಅಂದರೆ ಎಷ್ಟು ದೂರ? ಕೀಟಗಳಲ್ಲಿ ಚಿಟ್ಟೆ ಒಂದು ಗಣ, ಜೀರುಂಡೆ ಇನ್ನೊಂದು ಗಣ. ಅಳತೆ ಎಲ್ಲ ಕಡೆ ಒಂದೇ ಅಲ್ಲ, ಆದರೂ ಅಂದಾಜಿಗೆ ಇದು ಸಾಕು.

ಕೊನೆಯ ಮಾತು ಡಿಎನ್ಎಯದ್ದು. ಮಾರೆಕ್ ತಂಡ ಇದರ ಡಿಎನ್ಎ ಓದಿ, ಬೇರೆ ಗಣಗಳ ಸಹಸ್ರಪದಿಗಳ ಜೀನ್‌ಗಳ ಜೊತೆ ಇಟ್ಟು ನೋಡಿತು. ಅಲ್ಲೂ ಅದು ಪಾಲಿಜೋನಿಯಿಡಾದೊಳಗೇ ಬಂದು ಕೂತಿತು. ದೇಹದ ಗುರುತು, ಡಿಎನ್ಎ ಎರಡೂ ಒಂದೇ ಮಾತು ಹೇಳಿದವು.

ಇಲ್ಲಿ ಒಂದು ಹಳೆಯ ಎಳೆ ಸಿಗುತ್ತದೆ. ಪಾಲಿಜೋನಿಯಿಡಾ ಗಣವನ್ನು 1895ರಲ್ಲಿ ಗುರುತಿಸಿ ಹೆಸರು ಕೊಟ್ಟವರು ಯಾರು ಗೊತ್ತಾ? 1928ರಲ್ಲಿ ಇಲ್ಲಾಕ್ಮಿಯನ್ನು ವಿವರಿಸಿದ ಅದೇ ಕುಕ್. ಹಳೆಯ ದಾಖಲೆಯ ಪ್ರಾಣಿಗೆ ಹೆಸರಿಟ್ಟವರೇ, ಹೊಸ ದಾಖಲೆಯ ಪ್ರಾಣಿ ಸೇರಬೇಕಾದ ಗಣವನ್ನೂ ನೂರು ವರ್ಷಕ್ಕಿಂತ ಮೊದಲೇ ಗುರುತಿಸಿದ್ದರು. ಡಿಎನ್ಎ ಅನ್ನುವ ಮಾತೇ ಇಲ್ಲದ ಕಾಲದಲ್ಲಿ, ಸೂಕ್ಷ್ಮದರ್ಶಕದಲ್ಲಿ ತಲೆ, ಕಾಲು ನೋಡಿಕೊಂಡೇ ಮಾಡಿದ ವಿಂಗಡಣೆ ಅದು. ಇವತ್ತಿಗೂ ನಿಂತಿದೆ. ಅಂಥ ಕೆಲಸದ ಬಗ್ಗೆ ನನಗೆ ಬಹಳ ಗೌರವ.

ವಿಷದಲ್ಲೂ ವಂಶ ಕಾಣುತ್ತದೆ

ಸಹಸ್ರಪದಿ ಕಚ್ಚುವುದಿಲ್ಲ ಅಂದೆ. ಅದರ ರಕ್ಷಣೆ ರಸಾಯನದಲ್ಲಿ ಇದೆ. ಮೈಯ ಪಕ್ಕದ ರಂಧ್ರಗಳಿಂದ ದ್ರವ ಬಿಡುತ್ತದೆ. ಯಾವ ದ್ರವ ಅನ್ನುವುದು ಕವಲಿಂದ ಕವಲಿಗೆ ಬೇರೆ. ಮಳೆಗಾಲದ ದುಂಡು ಮೈಯ ಚೋರಟೆ ಮುಟ್ಟಿದಾಗ ಬೆರಳು ಹಳದಿ, ಕಂದು ಆಗುತ್ತದಲ್ವಾ? ಅದು ಬೆಂಜೊಕ್ವಿನೋನ್. ಚಪ್ಪಟೆ ಬೆನ್ನಿನ ಪಾಲಿಡೆಸ್ಮಿಡಾದವು ಸಯನೈಡ್ ಅನಿಲವನ್ನೇ ಬಿಡುತ್ತವೆ, ಜೊತೆಗೆ ಕಹಿ ಬಾದಾಮಿಯ ವಾಸನೆ. ಪಾಲಿಜೋನಿಯಿಡಾದವು ಇದೆರಡನ್ನೂ ಬಿಟ್ಟು ಆಲ್ಕಲಾಯ್ಡ್‌ಗಳನ್ನು ತಯಾರಿಸುತ್ತವೆ.

ಈ ಆಲ್ಕಲಾಯ್ಡ್‌ಗಳ ಕಥೆ ದಕ್ಷಿಣ ಮತ್ತು ಮಧ್ಯ ಅಮೆರಿಕದವರೆಗೆ ಹೋಗುತ್ತದೆ. ಅಲ್ಲಿನ ಬಣ್ಣಬಣ್ಣದ ವಿಷದ ಕಪ್ಪೆಗಳು ತಮ್ಮ ಚರ್ಮದ ವಿಷವನ್ನು ತಾವೇ ಮಾಡಿಕೊಳ್ಳುವುದಿಲ್ಲ, ತಿಂದ ಆಹಾರದಿಂದ ಪಡೆಯುತ್ತವೆ. ಅದರಲ್ಲಿ ಒಂದು ಬಗೆಯ ವಿಷ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಾ ಹೋದವರಿಗೆ 2003ರಲ್ಲಿ ಉತ್ತರ ಸಿಕ್ಕಿತು: ರೈನೋಟಸ್ ಅನ್ನುವ ಸಣ್ಣ ಸಹಸ್ರಪದಿ. ಅದು ಸೈಫನೋಟಿಡೇ ಕುಟುಂಬದ್ದು. ಅಂದರೆ ನಮ್ಮ ಯೂಮಿಲ್ಲಿಪೀಸ್‌ನ ಕುಟುಂಬವೇ. ಮಳೆಕಾಡಿನ ಕಪ್ಪೆಯ ವಿಷಕ್ಕೂ, ಮರುಭೂಮಿಯ ಅಡಿಯ ಕುರುಡು ಸಹಸ್ರಪದಿಗೂ ಹೀಗೊಂದು ನಂಟು. ಹೆಸರಿಟ್ಟು ಬಳಗಕ್ಕೆ ಸೇರಿಸಿದ ಮೇಲೆ ಮಾತ್ರ ಇಂಥ ನಂಟು ಕಣ್ಣಿಗೆ ಬೀಳುತ್ತದೆ.

ಎರಡು ಕಡೆ ಒಂದೇ ರೂಪ ಯಾಕೆ

ಸಂಬಂಧ ಇಲ್ಲದಿದ್ದರೂ ಇಬ್ಬರೂ ದಾರದ ರೂಪಕ್ಕೆ ಬಂದಿದ್ದು ಬದುಕಿನ ರೀತಿಯಿಂದ. ಬಂಡೆಯ ಬಿರುಕಿನಲ್ಲಿ ತೂರಿ ಹೋಗಬೇಕು ಅಂದರೆ ಮೈ ತೆಳುವಾಗಿರಬೇಕು. ತೆಳು ಮೈಯಲ್ಲಿ ಕರುಳಿಗೆ, ಮೊಟ್ಟೆಗೆ ಜಾಗ ಸಿಗಬೇಕಾದರೆ ಉದ್ದ ಬೇಕು. ಇನ್ನು ಬಲ. ಸಹಸ್ರಪದಿ ಓಡುವ ಪ್ರಾಣಿಯಲ್ಲ, ತಳ್ಳುವ ಪ್ರಾಣಿ. ಒಂದೊಂದು ಕಾಲಿನ ಬಲ ಚಿಕ್ಕದು. ಎಲ್ಲ ಕಾಲುಗಳೂ ಅಲೆಅಲೆಯಾಗಿ ನೆಲಕ್ಕೆ ಒತ್ತಿ ಮುಂದಕ್ಕೆ ತಳ್ಳಿದಾಗ ಆ ಬಲ ಕೂಡುತ್ತದೆ. ಕಾಲು ಜಾಸ್ತಿ ಇದ್ದಷ್ಟೂ ತೂರುವ ಬಲ ಜಾಸ್ತಿ. ಬೆಳೆಯುವುದನ್ನು ನಿಲ್ಲಿಸದ ಕವಲಿನವಾದ್ದರಿಂದ ಉಂಗುರ ಸೇರಿಸಿಕೊಂಡು ಹೋಗುವುದು ಇಬ್ಬರಿಗೂ ಸುಲಭವಾಗಿತ್ತು.

ಹೀಗೆ ಆಗುವುದು ಸಹಸ್ರಪದಿಗಳಲ್ಲಿ ಮಾತ್ರವಲ್ಲ. ನಮ್ಮ ಮಲೆನಾಡಿನ ಮಣ್ಣಿನಲ್ಲೇ ಎರೆಹುಳು ಇದೆ, ಕುರುಡು ಹಾವು ಇದೆ, ಕಾಲಿಲ್ಲದ ಉಭಯಚರವಾದ ಸಿಸಿಲಿಯನ್ ಇದೆ. ಮೂರೂ ಉದ್ದಕ್ಕೆ, ದುಂಡಗೆ, ಕಣ್ಣು ಮಂದವಾಗಿ ಅಥವಾ ಇಲ್ಲದೇ ಇವೆ. ಗದ್ದೆಯ ಅಂಚಿನಲ್ಲಿ ಅಗೆಯುವಾಗ ಒಂದನ್ನು ನೋಡಿ ಇನ್ನೊಂದು ಅಂದುಕೊಳ್ಳುವುದು ಮಾಮೂಲು. ಬಳಗ ನೋಡಿದರೆ ಒಂದಕ್ಕೊಂದು ಎಷ್ಟೋ ದೂರ.

ಗುಂಡಾಗಿ ಸುತ್ತಿಕೊಳ್ಳುವ ಸಹಸ್ರಪದಿಗಳು ಇದಕ್ಕೆ ಪೂರ್ತಿ ಉಲ್ಟಾ. ಪಶ್ಚಿಮ ಘಟ್ಟದಲ್ಲಿ ಆರ್ಥ್ರೋಸ್ಫೇರಾ ಅನ್ನುವ ಕುಲದವು ಇವೆ. ಕೊಡಗು, ದಕ್ಷಿಣ ಕನ್ನಡದ ಕಾಡು, ತೋಟಗಳಲ್ಲಿ ಮಳೆ ಹಿಡಿದಾಗ ಕಾಣುತ್ತವೆ. ಪ್ರಾಯದ ಹೆಣ್ಣಿಗೆ 21 ಜೋಡಿ ಕಾಲು, ಗಂಡಿಗೆ 23. ಅದು ಬದಲಾಗುವುದಿಲ್ಲ. ಬಿರುಕಿಗೆ ತೂರುವ ಬದಲು ಎಲೆಗಳ ಅಡಿಯಲ್ಲೇ ಇದ್ದು, ಅಪಾಯ ಬಂದರೆ ಮುಚ್ಚಿಕೊಳ್ಳುವುದು ಇವುಗಳ ದಾರಿ. ಅಡಿಕೆ ತೋಟದ ಕಸವನ್ನು ಇವು ಗೊಬ್ಬರ ಮಾಡುವ ಬಗ್ಗೆ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಅಧ್ಯಯನ ನಡೆದಿದೆ. ಭೂಖಂಡಗಳು ಬೇರೆಯಾದ ಕಥೆ ಯೂಮಿಲ್ಲಿಪೀಸ್ ಮತ್ತು ಇಲ್ಲಾಕ್ಮಿಗೆ ಹೊಂದಲಿಲ್ಲ ಅಂದೆನಲ್ಲ, ಅದು ಹೊಂದುವುದು ಇಲ್ಲಿ. ಆರ್ಥ್ರೋಸ್ಫೇರಾದ ಹತ್ತಿರದ ನೆಂಟರು ಇರುವುದು ಮಡಗಾಸ್ಕರ್‌ನಲ್ಲಿ. ಅದೇ ಗಣದ ಬೇರೆ ಕುಟುಂಬಗಳು ದಕ್ಷಿಣ ಆಫ್ರಿಕಾದಲ್ಲಿ, ಆಸ್ಟ್ರೇಲಿಯಾದಲ್ಲಿ ಇವೆ. ಒಂದು ಕಾಲದಲ್ಲಿ ಒಟ್ಟಿಗಿದ್ದ ಗೊಂಡ್ವಾನಾ ಅನ್ನುವ ಮಹಾಖಂಡದ ತುಂಡುಗಳೇ ಇವೆಲ್ಲ.

ಯೂಮಿಲ್ಲಿಪೀಸ್ ನೆಲದಡಿಗೆ ಹೋಗಿದ್ದಕ್ಕೂ ಭೂಮಿಯ ಇತಿಹಾಸವೇ ಕಾರಣ ಅನ್ನುವುದು ಸಂಶೋಧಕರ ಅಂದಾಜು. ಆ ಸೀಮೆ ಹಿಂದೆ ಇಷ್ಟು ಒಣ ಇರಲಿಲ್ಲ. ಮೇಲ್ಮೈ ಒಣಗುತ್ತಾ ಬಂದ ಹಾಗೆ ಪೂರ್ವಜರು ತೇವ ಇರುವ ಆಳಕ್ಕೆ ಇಳಿದವು, ಅಲ್ಲೇ ಉಳಿದವು. ಮೇಲಿನ ಲೋಕದಿಂದ ಪಾತಾಳಕ್ಕೆ ಒಯ್ಯಲ್ಪಟ್ಟ ಗ್ರೀಕ್ ದೇವತೆ ಪರ್ಸೆಫನಿಯ ಹೆಸರನ್ನು ಇದಕ್ಕೆ ಇಟ್ಟಿದ್ದು ಅದಕ್ಕೇ.

ಆಳಕ್ಕೆ ಇಳಿದ ಪ್ರಾಣಿಗೆ ಒಂದು ಕಷ್ಟ ಇದೆ. ಒಂದು ಬಂಡೆಯ ಬಿರುಕುಜಾಲದಿಂದ ಇನ್ನೊಂದಕ್ಕೆ ಹೋಗಲು ದಾರಿ ಇಲ್ಲ. ಹಾಗಾಗಿ ಇಡೀ ಪ್ರಭೇದವೇ ಒಂದು ಸಣ್ಣ ಜಾಗದಲ್ಲಿ ಇರಬಹುದು. 10,000 ಚದರ ಕಿಲೋಮೀಟರ್‌ಗಿಂತ ಕಡಿಮೆ ಹರಡಿರುವ ಇಂಥ ಜೀವಿಗಳಿಗೆ ಮಾರ್ಕ್ ಹಾರ್ವಿ ಅನ್ನುವ ಆಸ್ಟ್ರೇಲಿಯಾದ ತಜ್ಞರು 2002ರಲ್ಲೇ ಒಂದು ಪ್ರತ್ಯೇಕ ವಿಭಾಗ ಮಾಡಿದ್ದರು. ಯೂಮಿಲ್ಲಿಪೀಸ್ ವಿವರಿಸಿದ ತಂಡದಲ್ಲಿ ಅವರೂ ಇದ್ದರು. ಪ್ರಾಣಿ ಇರುವ ಬಂಡೆಯೇ ಖನಿಜದ ಬಂಡೆಯಾದರೆ ಅದನ್ನು ಉಳಿಸುವ ಪ್ರಶ್ನೆ ತಕ್ಷಣದ ಪ್ರಶ್ನೆ. ಹೆಸರಿಲ್ಲದ ಪ್ರಾಣಿಯನ್ನು ಯಾವ ಕಾನೂನಿನ ಪಟ್ಟಿಗೂ ಸೇರಿಸಲು ಆಗುವುದಿಲ್ಲ. ವರ್ಗೀಕರಣ ಸುಮ್ನೆ ಹೆಸರಿಡುವ ಹವ್ಯಾಸ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಹೊಸದನ್ನು ಹುಡುಕಲು ಕೊರೆದ ತೂತೇ ಬೇಕೆಂದಿಲ್ಲ. ಇಲ್ಲಾಕ್ಮಿ ಕುಲದ ಇನ್ನೊಂದು ಪ್ರಭೇದ, ಇಲ್ಲಾಕ್ಮಿ ಸೋಕಾಲ್, ಲಾಸ್ ಏಂಜಲೀಸ್ ಮಹಾನಗರದ ಸುತ್ತಲಿನ ಜಾಗದಲ್ಲೇ ಸಿಕ್ಕಿತು. 486 ಕಾಲು. ಅದನ್ನು ಮೊದಲು ಕಂಡವರು ನಿಸರ್ಗಾಸಕ್ತರು, ಕಂಡ ಜೀವಿಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣ ಬಳಸುವವರು. 2023ರಲ್ಲಿ ಅದಕ್ಕೆ ಅಧಿಕೃತ ಹೆಸರು ಬಂತು.

ಕರ್ನಾಟಕದಲ್ಲೂ ಈ ಕೆಲಸಕ್ಕೆ ಬೇಕಾದಷ್ಟು ಅವಕಾಶ ಇದೆ. ಮಳೆ ಶುರುವಾದಾಗ ತೋಟದ ತರಗೆಲೆ, ಕೊಳೆತ ದಿಮ್ಮಿಯ ತೊಗಟೆಯಡಿ, ಒದ್ದೆ ಕಲ್ಲಿನ ಕೆಳಗೆ ನೋಡಿ. ದೊಡ್ಡ ಚೋರಟೆಗಳ ಜೊತೆ ಒಂದೆರಡು ಸೆಂಟಿಮೀಟರಿನ ಸಣ್ಣವೂ ಇರುತ್ತವೆ, ಯಾರೂ ಗಮನ ಕೊಡದೇ ಇರುವಂಥವು. ಕಲ್ಲು ಎತ್ತಿದರೆ ನೋಡಿದ ಮೇಲೆ ಮೊದಲಿದ್ದ ಹಾಗೇ ಇಡಿ. ಕೈಯಿಂದ ಹಿಡಿದರೆ ಸೋಪು ಹಾಕಿ ತೊಳೆಯುವವರೆಗೆ ಕಣ್ಣು ಮುಟ್ಟಬೇಡಿ, ಆ ಕ್ವಿನೋನ್ ಉರಿ ಬರಿಸುತ್ತದೆ. ಫೋಟೋ ತೆಗೆಯುವಾಗ ಮೇಲಿನಿಂದ ಒಂದು ತೆಗೆದರೆ ಸಾಲದು. ತಲೆಯದ್ದು ಬೇಕು, ಕಣ್ಣು ಇದೆಯೋ ಇಲ್ಲವೋ ಕಾಣುವಂತೆ. ಬದಿಯಿಂದ ಒಂದು, ಉಂಗುರ ಎಣಿಸಲು ಬರುವಂತೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ ಏಳು ಮತ್ತು ಎಂಟನೇ ಉಂಗುರದ ಕೆಳಭಾಗ. ಅಲ್ಲಿ ನಡೆಯುವ ಕಾಲಿನ ಬದಲು ಬೇರೇನೋ ಕಂಡರೆ ಅದು ಗಂಡು, ಮತ್ತು ಆ ಒಂದು ಫೋಟೋ ತಜ್ಞರಿಗೆ ಉಳಿದೆಲ್ಲ ಫೋಟೋಗಳಿಗಿಂತ ಜಾಸ್ತಿ ಹೇಳುತ್ತದೆ.